ಚಾರ್ಜಿಂಗ್ ದೋಷ ಹುಡುಕಲು ಯಾವುದು ಮೇಲು: ಮಲ್ಟಿಮೀಟರ್, ಕ್ಲ್ಯಾಂಪ್ ಮೀಟರ್, ಟೆಸ್ಟ್ ಲ್ಯಾಂಪ್, ಸ್ಕೋಪ್?

ಬ್ಯಾಟರಿ ಪದೇ ಪದೇ ಡೌನ್ ಆಗುತ್ತಿದ್ದರೆ ತಪ್ಪು ಬ್ಯಾಟರಿಯಲ್ಲಿರಬಹುದು, ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್‌ನಲ್ಲಿರಬಹುದು, ನಡುವಿನ ವೈರಿನಲ್ಲಿರಬಹುದು. ಇಲ್ಲವೇ ಗಾಡಿ ನಿಂತಾಗ ಕರೆಂಟ್ ಎಲ್ಲೋ ಸೋರುತ್ತಿರಬಹುದು. ಈ ನಾಲ್ಕು ಉಪಕರಣಗಳನ್ನೂ ಬಳಸಿ ನೋಡಿದ ಮೇಲೆ ನಮ್ಮ ತೀರ್ಮಾನ ಇಷ್ಟು: ಒಂದನ್ನೇ ಕೊಳ್ಳುವುದಾದರೆ ಮಲ್ಟಿಮೀಟರ್, ಎರಡನೆಯದಕ್ಕೆ ಡಿಸಿ ಕ್ಲ್ಯಾಂಪ್ (ವೈರನ್ನು ದವಡೆಯಲ್ಲಿ ಹಿಡಿದು ಕರೆಂಟ್ ಅಳೆಯುವ ಮೀಟರ್). ಆದರೆ ಮಲ್ಟಿಮೀಟರನ್ನು ಲೋಡ್ ಹಾಕಿ, ಅಂದರೆ ಲೈಟ್, ಬ್ಲೋವರ್‌ನಂಥವನ್ನು ಓಡಿಸುತ್ತಾ ಬಳಸಬೇಕು.

ಕೆಲವು ಗಂಟೆ ಸುಮ್ಮನಿದ್ದ 12 ವೋಲ್ಟ್ ಬ್ಯಾಟರಿ 12.6 ತೋರಿಸಿದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ. ಎಂಜಿನ್ ಓಡುವಾಗ 13.8ರಿಂದ 14.5 ಬರಬೇಕು. ಹೆಚ್ಚಿನವರು ಇಲ್ಲಿಗೇ ಮೀಟರ್ ಎತ್ತಿಡುತ್ತಾರೆ. ಲೋಡ್ ಇಲ್ಲದೆ ಐಡಲ್‌ನಲ್ಲಿ ಬಂದ 14.2ರಿಂದ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ ಎನ್ನಬಹುದು, ಸಾಕಷ್ಟು ಮಾಡುತ್ತಿದೆ ಎನ್ನಲಾಗದು. ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿ 2000 ಆರ್‌ಪಿಎಂಗೆ ಏರಿಸಿ ನೋಡಿ. 13ಕ್ಕಿಂತ ಕೆಳಗೆ ಕುಸಿದರೆ ಮೊದಲು ಬೆಲ್ಟ್ ಜಾರುತ್ತಿದೆಯೇ ಎಂದು ಗಮನಿಸಿ, ಆಮೇಲೆ ವೋಲ್ಟೇಜ್ ಡ್ರಾಪ್ (ದಾರಿಯಲ್ಲೇ ನಷ್ಟವಾಗುವ ವೋಲ್ಟೇಜ್) ಅಳೆಯಿರಿ.

ಅದೇ ಲೋಡ್ ಇಟ್ಟುಕೊಂಡು ಕೆಂಪು ಪ್ರೋಬನ್ನು ಆಲ್ಟರ್ನೇಟರ್‌ನ ದಪ್ಪ ಕೇಬಲ್ ಕೂರುವ ಬಿ ಪ್ಲಸ್ ಬೋಲ್ಟ್ ಮೇಲೆ, ಕಪ್ಪನ್ನು ಬ್ಯಾಟರಿಯ ಪ್ಲಸ್ ಕಂಬದ ಮೇಲೆಯೇ ಒತ್ತಿ. ಕ್ಲಿಪ್ಪಿನ ಮೇಲೆ ಬೇಡ, ಕ್ಲಿಪ್ಪಿಗೂ ಕಂಬಕ್ಕೂ ನಡುವೆ ಕಿಲುಬು ಹಿಡಿದಿದ್ದರೆ ಅದು ಲೆಕ್ಕಕ್ಕೆ ಸಿಗುವುದಿಲ್ಲ. 0.3 ವೋಲ್ಟ್ ದಾಟಬಾರದು. ಬಳಿಕ ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ: 0.2ರೊಳಗಿರಬೇಕು. ಇದಕ್ಕೆ ಓಮ್ ಮೋಡ್ ಬಳಸಿದರೆ ಮೋಸ ಹೋಗುತ್ತೀರಿ. ನಾಲ್ಕೇ ಎಳೆ ಉಳಿದ ಕೇಬಲ್ ಕೂಡ ಮೀಟರಿನ ಚಿಟಿಕೆ ಕರೆಂಟಿಗೆ ಸೊನ್ನೆ ಓಮ್ ಎಂದೇ ತೋರುತ್ತದೆ; ಬರೀ 0.01 ಓಮ್ ತಡೆ ಇದ್ದರೂ 60 ಆಂಪಿಯರ್ ಹರಿದಾಗ 0.6 ವೋಲ್ಟ್ ಅಲ್ಲೇ ಹೋಗುತ್ತದೆ. ಒಳ್ಳೆಯ ಆಲ್ಟರ್ನೇಟರ್‌ಗಳು ಸುಮ್ಮನೆ ಬದಲಾಗುವುದು ಈ ಒಂದು ಪರೀಕ್ಷೆ ಬಿಟ್ಟುಹೋಗಿ.

ಆಲ್ಟರ್ನೇಟರ್‌ನೊಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್ ನೋಡಲು ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ. ಲೋಡ್‌ನಲ್ಲಿ 0.5 ದಾಟಿದರೆ ಡಯೋಡ್ ಮೇಲೆ ಅನುಮಾನ ಪಡಿ. ಅಗ್ಗದ ಕೆಲವು ಮೀಟರ್‌ಗಳು ಎಸಿ ಮೋಡ್‌ನಲ್ಲಿ ಡಿಸಿಯನ್ನು ತಡೆಯುವುದಿಲ್ಲ. ಎಂಜಿನ್ ಆಫ್ ಇದ್ದಾಗಲೇ ಬ್ಯಾಟರಿ ಮೇಲೆ ಇಪ್ಪತ್ತಕ್ಕೂ ಹೆಚ್ಚು ವೋಲ್ಟ್ ಎಸಿ ತೋರಿಸಿದರೆ ಆ ಮೀಟರ್ ಈ ಕೆಲಸಕ್ಕೆ ಬಾರದು. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಸ್ಕೋಪ್ ಮೇಲಾಗುವುದು ಇಲ್ಲಿ ಮಾತ್ರ. ಆರು ಡಯೋಡ್‌ಗಳಲ್ಲಿ ಒಂದು ಹೋಗಿದ್ದರೂ ಸಾಲು ಉಬ್ಬುಗಳ ನಡುವೆ ಬಿದ್ದ ಹಳ್ಳ ಪರದೆಯ ಮೇಲೆ ಕಣ್ಣಿಗೆ ಕಾಣುತ್ತದೆ. ಹೇಗೂ ಆಲ್ಟರ್ನೇಟರ್ ಬಿಚ್ಚಲೇಬೇಕು ಎಂದಾದ ಮೇಲೆ ಅಷ್ಟು ವಿವರ ಎಲ್ಲರಿಗೂ ಬೇಕಿಲ್ಲ.

ಟೆಸ್ಟ್ ಲ್ಯಾಂಪನ್ನು ಹಳೆಯದೆಂದು ಮೂಲೆಗೆ ಎಸೆಯಬೇಡಿ. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ನಗಣ್ಯ, ಹಾಗಾಗಿ ತುಕ್ಕು ಹಿಡಿದ ವೈರಿನ ತುದಿಯಲ್ಲೂ ಅದು 12 ವೋಲ್ಟ್ ಎನ್ನುತ್ತದೆ. ಲ್ಯಾಂಪಿನ 5 ವ್ಯಾಟ್ ಬಲ್ಬ್ ಸುಮಾರು 0.4 ಆಂಪಿಯರ್ ಎಳೆಯುತ್ತದೆ. ವೈರ್ ಸೋತಿದ್ದರೆ ಮಂಕಾಗುತ್ತದೆ. ಬ್ಯಾಟರಿ ವಾರ್ನಿಂಗ್ ಲೈಟ್ ಬಲ್ಬಿನದೇ ಆದ ಹಳೆ ಗಾಡಿಗಳಲ್ಲಿ ಕೀ ಆನ್ ಮಾಡಿ, ಆಲ್ಟರ್ನೇಟರ್‌ನ ಸಣ್ಣ ವೈರ್ ಕಳಚಿ ಲ್ಯಾಂಪಿನ ಮೂಲಕ ಅರ್ತ್‌ಗೆ ಮುಟ್ಟಿಸಿ. ಡ್ಯಾಶ್‌ಬೋರ್ಡಿನ ಲೈಟ್ ಹತ್ತಿದರೆ ಆ ದಾರಿ ಸರಿಯಿದೆ, ಹುಡುಕಾಟ ಆಲ್ಟರ್ನೇಟರ್‌ನ ಬ್ರಷ್ ಮತ್ತು ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕಡೆಗೆ ಹೋಗಲಿ. ಇಸಿಯು (ಗಾಡಿಯ ಕಂಪ್ಯೂಟರ್) ನಿಯಂತ್ರಿಸುವ ವೈರುಗಳಿಗೆ ಈ ಲ್ಯಾಂಪ್ ತಾಗಿಸಲೇಬೇಡಿ. ಬ್ಯಾಟರಿ ಮೈನಸ್ ಮೇಲೆ ಕರೆಂಟ್ ಸೆನ್ಸರ್ ಕೂತ ಹೊಸ ಗಾಡಿಗಳಲ್ಲಿ ವೋಲ್ಟೇಜ್ ಬೇಕೆಂದೇ 12.5ರ ಆಸುಪಾಸಿಗೆ ಇಳಿದು 15ರ ಹತ್ತಿರಕ್ಕೆ ಏರುತ್ತಿರುತ್ತದೆ. ಅಲ್ಲಿ ಗಾಡಿಯ ಕಂಪ್ಯೂಟರ್ ಮಾಹಿತಿ ಓದುವ ಸ್ಕ್ಯಾನರ್ ಇಲ್ಲದೆ ಆಲ್ಟರ್ನೇಟರ್ ಕೆಟ್ಟಿದೆ ಎಂದು ಹೇಳುವುದು ದುಡುಕು.

ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ನೋಡುವ 'ಪರೀಕ್ಷೆ'ಯನ್ನು ಈ ಹೋಲಿಕೆಗೇ ಸೇರಿಸಿಲ್ಲ. ಆ ಕ್ಷಣದಲ್ಲಿ ಏಳುವ ವೋಲ್ಟೇಜ್ ರೆಗ್ಯುಲೇಟರನ್ನೂ ಇಸಿಯುವನ್ನೂ ಸುಡಬಲ್ಲದು.

ಇನ್ನು ಸೋರಿಕೆ. ಮಲ್ಟಿಮೀಟರನ್ನು ಬ್ಯಾಟರಿ ಮೈನಸ್‌ಗೂ ಅದರ ಕೇಬಲ್‌ಗೂ ನಡುವೆ ಸೀರೀಸ್‌ನಲ್ಲಿ ಹಾಕಿದರೆ ಮಿಲಿಆಂಪಿಯರ್‌ವರೆಗೆ ಖಚಿತ ಲೆಕ್ಕ ಸಿಗುತ್ತದೆ. ಆದರೆ ಟರ್ಮಿನಲ್ ಬಿಚ್ಚಿ ಮೀಟರ್ ಜೋಡಿಸಿದೊಡನೆ ಮಲಗಿದ್ದ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳು ಎಚ್ಚರಗೊಳ್ಳುತ್ತವೆ, ಯಾರಾದರೂ ಕೀ ತಿರುಗಿಸಿದರೆ ಮೀಟರಿನ 10 ಆಂಪಿಯರ್ ಫ್ಯೂಸ್ ಹಾರುತ್ತದೆ. ಕ್ಲ್ಯಾಂಪ್‌ಗೆ ಏನನ್ನೂ ಬಿಚ್ಚಬೇಕಿಲ್ಲ. ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್ ಇಲ್ಲಿ ಕೆಲಸಕ್ಕೆ ಬಾರದು. ಡಿಸಿ ಬೇಕು, 10 ಮಿಲಿಆಂಪಿಯರ್ ಆದರೂ ಬಿಡಿಸಿ ತೋರಿಸಬೇಕು. ಅಳೆಯುವ ಜಾಗದಲ್ಲೇ, ಹಿಡಿಯುವ ಭಂಗಿಯಲ್ಲೇ ಝೀರೋ ಮಾಡಿ, ಏಕೆಂದರೆ ಕೈ ತಿರುಗಿಸಿದರೂ ಅಂಕಿ ಬದಲಾಗುತ್ತದೆ. ಬ್ಯಾಟರಿ ಮೈನಸ್‌ಗೆ ಬರುವ ದಪ್ಪ ಕೇಬಲ್ ಜೊತೆಗೆ ಸಣ್ಣ ವೈರುಗಳೂ ದವಡೆಯೊಳಗೆ ಇರಲಿ. ಬಾಗಿಲು ಲಾಕ್ ಮಾಡಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕಾದ ಮೇಲೆ 50 ಮಿಲಿಆಂಪಿಯರ್ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಹೆಚ್ಚಿದ್ದರೆ ಫ್ಯೂಸ್ ಕೀಳುವ ಬದಲು ಒಂದೊಂದು ಫ್ಯೂಸಿನ ಬೆನ್ನಿನ ಎರಡು ಲೋಹದ ಚುಕ್ಕೆಗಳ ಮೇಲೆ ಮಲ್ಟಿಮೀಟರನ್ನು ಮಿಲಿವೋಲ್ಟ್‌ನಲ್ಲಿಡಿ. ಸೊನ್ನೆ ಬರದ ಫ್ಯೂಸಿನಲ್ಲಿ ಕರೆಂಟ್ ಹರಿಯುತ್ತಿದೆ.

ಯಾವ ಫ್ಯೂಸಿನಲ್ಲೂ ಸಿಗದಿದ್ದರೆ ಕ್ಲ್ಯಾಂಪನ್ನು ಆಲ್ಟರ್ನೇಟರ್‌ನ ದಪ್ಪ ಕೇಬಲ್‌ಗೆ ಹಾಕಿ. ಕೀ ಆಫ್ ಇದ್ದಾಗ ಅಲ್ಲಿ ಹೆಚ್ಚುಕಡಿಮೆ ಸೊನ್ನೆಯೇ ಇರಬೇಕು. ನೂರಾರು ಮಿಲಿಆಂಪಿಯರ್ ಇದ್ದರೆ ಡಯೋಡ್ ಸೋರುತ್ತಿದೆ, ಎಂಜಿನ್ ಓಡುವಾಗ 14 ವೋಲ್ಟ್ ಸರಿಯಾಗಿ ಬರುತ್ತಿದ್ದರೂ ಸಹ. ಆ ಕೇಬಲ್ ಬಿಚ್ಚುವ ಮುನ್ನ ಬ್ಯಾಟರಿಯ ಮೈನಸ್ ತೆಗೆದಿಡಿ. ಕೀ ಆಫ್ ಇದ್ದರೂ ಅದರಲ್ಲಿ ಸದಾ ಬ್ಯಾಟರಿಯ ವೋಲ್ಟೇಜ್ ಇರುತ್ತದೆ, ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್.