ನಕ್ಷತ್ರಗಳೇ ಇಲ್ಲದ ಬಾಹ್ಯಾಕಾಶ: ಹಳೇ ಸಿನಿಮಾದ ಬ್ಲೂ-ರೇ ಕೊಳ್ಳುವವರು ಸ್ವಲ್ಪ ನಿಲ್ಲಿ

ಹಳೆಯ ಸೈನ್ಸ್ ಫಿಕ್ಷನ್ ಸಿನಿಮಾ ಬ್ಲೂ-ರೇಯಲ್ಲಿ, ಅಂದರೆ ಡಿವಿಡಿಗಿಂತ ಸ್ಪಷ್ಟವಾದ ಚಿತ್ರ ಕೊಡುವ ಡಿಸ್ಕ್‌ನಲ್ಲಿ, ಬಂತು ಅಂದ ಕೂಡಲೇ ಹಿಂದೆಮುಂದೆ ನೋಡದೆ ಆರ್ಡರ್ ಮಾಡುವವರಲ್ಲಿ ನಾನೂ ಒಬ್ಬ. ಈ ಸಲ ಸರಿಯಾಗಿ ಪೆಟ್ಟು ತಿಂದೆ.

ಸಿನಿಮಾದ ಹೆಸರು ಬೇಡ, ಇಲ್ಲಿ ತಪ್ಪು ಅದರದ್ದಲ್ಲ. ಹಾಗಂತ ಅದೇನೂ ಅಪರಂಜಿಯಲ್ಲ. ಅರ್ಧ ದಾಟಿದ ಮೇಲೆ ಕಥೆ ಎತ್ತೆತ್ತಲೋ ಹೋಗುತ್ತದೆ, ಒಬ್ಬ ವಿಜ್ಞಾನಿ ನಿಂತಲ್ಲೇ ನಿಂತು ಭಾಷಣ ಬಿಗಿಯುತ್ತಾನೆ, ಕೊನೆಗೆ ಏನಾಯಿತು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆದರೆ ಅದರ ಗಗನನೌಕೆ! ಕೈಯಲ್ಲೇ ಮಾಡಿದ ಮಾಡೆಲ್. ನಕ್ಷತ್ರಗಳ ಮುಂದೆ ನಿಧಾನಕ್ಕೆ ತೇಲಿ ಬರುವ ಆ ಒಂದು ಶಾಟ್‌ಗೋಸ್ಕರ ಉಳಿದದ್ದನ್ನೆಲ್ಲ ಸಹಿಸಿಕೊಂಡಿದ್ದೆ. ಡಿವಿಡಿಯ 720×576 ಪಿಕ್ಸೆಲ್‌ನಲ್ಲೇ ಅಷ್ಟು ಚೆನ್ನಾಗಿದ್ದರೆ 1920×1080ರಲ್ಲಿ ಹೇಗಿರಬೇಡ, ಅಲ್ವಾ?

ಆ ಶಾಟ್ ಬಂತು. ದಪ್ಪ ದಪ್ಪ ನಕ್ಷತ್ರ ನಾಲ್ಕೈದು ಉಳಿದಿದ್ದವು. ಸಣ್ಣವು ಒಂದೂ ಇಲ್ಲ. ನೌಕೆಯ ಸುತ್ತ ಸುಣ್ಣದಲ್ಲಿ ಗೆರೆ ಎಳೆದ ಹಾಗೆ ಬಿಳಿ ಅಂಚು. ಆಮೇಲೆ ಕ್ಯಾಪ್ಟನ್‌ನ ಕ್ಲೋಸಪ್. ಮೂರು ದಿನದಿಂದ ಕಣ್ಣು ಮುಚ್ಚಿಲ್ಲ ಅಂತ ಹೇಳುತ್ತಿದ್ದಾನೆ, ಮುಖ ಮಾತ್ರ ಈಗ ತಾನೇ ಶೇವ್ ಮಾಡಿ ಪೌಡರ್ ಹಾಕಿಕೊಂಡ ಹಾಗಿದೆ. ಮೇಣದ ಬೊಂಬೆ. ಗಡ್ಡದ ಕುರುಚಲು, ಹಣೆಯ ಬೆವರು, ಎಲ್ಲ ಮಾಯ.

ಮೊದಲು ಟಿವಿ ಮೇಲೆ ಅನುಮಾನ ಬಂತು. ಅದರಲ್ಲಿರುವ ನಾಯ್ಸ್ ರಿಡಕ್ಷನ್, ಮೋಷನ್ ಸ್ಮೂದಿಂಗ್ ಅಂತ ಚಿತ್ರವನ್ನು ನುಣುಪು ಮಾಡುವ ಸೆಟ್ಟಿಂಗ್ ಎಲ್ಲ ಆಫ್ ಮಾಡಿದೆ. ಏನೂ ಬದಲಾಗಲಿಲ್ಲ. ಹಳೆಯ ಡಿವಿಡಿ ಹುಡುಕಿ ಹಾಕಿದೆ. ಮಸುಕಾಗಿತ್ತು ನಿಜ, ಆದರೆ ಕುರುಚಲು ಗಡ್ಡ ಇತ್ತು. ನಕ್ಷತ್ರಗಳೂ ಇದ್ದವು!

ಆಗಿದ್ದು ಇಷ್ಟೇ. ಫಿಲ್ಮ್‌ನಲ್ಲಿ ತೆಗೆದ ಚಿತ್ರ ನಿಂತಿರುವುದೇ ಗ್ರೇನ್ ಮೇಲೆ, ಅಂದರೆ ಫಿಲ್ಮ್‌ನಲ್ಲಿರುವ ಸಣ್ಣ ಸಣ್ಣ ಕಣಗಳ ಮೇಲೆ. ಸೆಕೆಂಡಿಗೆ 24 ಫ್ರೇಮ್, ಒಂದೊಂದರಲ್ಲೂ ಗ್ರೇನ್ ಬೇರೆ ಬೇರೆ ಕಡೆ ಕೂತಿರುತ್ತದೆ. ಅದನ್ನು ಕೊಳೆ ಅಂದುಕೊಂಡು ಸಾಫ್ಟ್‌ವೇರ್‌ನಿಂದ ಜಾಸ್ತಿ ಉಜ್ಜಿದರೆ ಚರ್ಮದ ರಂಧ್ರ, ಬಟ್ಟೆಯ ನೇಯ್ಗೆ ಎಲ್ಲ ಜೊತೆಗೇ ಹೋಗುತ್ತದೆ. ಚಲಿಸುವ ಸಣ್ಣ ನಕ್ಷತ್ರವೂ ಅದಕ್ಕೆ ಒಂದು ಧೂಳಿನ ಕಣ ಅಷ್ಟೇ. ಹೀಗೆ ಉಜ್ಜಿ ಮಂಕಾದ ಚಿತ್ರವನ್ನು ಮತ್ತೆ ಶಾರ್ಪ್ ಮಾಡಲು ಹೋದಾಗ ಆ ಬಿಳಿ ಅಂಚು ಹುಟ್ಟುತ್ತದೆ. ಡಿಸ್ಕ್‌ನಲ್ಲೇ ಹೋದದ್ದನ್ನು ಎಂಥ ಪ್ಲೇಯರ್ ತಂದರೂ ವಾಪಸ್ ತರಿಸಲಾಗದು.

ಹಳೆಯ ಸಿನಿಮಾ ತಿದ್ದಲೇಬಾರದು ಅಂತ ನಾನು ಹೇಳುತ್ತಿಲ್ಲ. 1982ರ ‘ಬ್ಲೇಡ್ ರನ್ನರ್’ಗೆ 2007ರಲ್ಲಿ ‘ಫೈನಲ್ ಕಟ್’ ಅನ್ನುವ ಹೊಸ ಆವೃತ್ತಿ ಮಾಡಿದಾಗ ಹಾರುವ ಕಾರನ್ನು ಎತ್ತುವ ತಂತಿಗಳನ್ನು ಅಳಿಸಿದರು. ಅದು ನೋಡಿಕೊಂಡು, ಬೇಕಾದ ಕಡೆ ಮಾಡಿದ ಕೆಲಸ. ನನಗೆ ಸಿಕ್ಕಿದ್ದು ಇಡೀ ಸಿನಿಮಾಕ್ಕೆ ಒಂದೇ ಸಲ ಹೊಡೆದ ಬಣ್ಣ.

ಡಬ್ಬಿ ಮೇಲಿನ ‘ರೀಮಾಸ್ಟರ್ಡ್’ (ಹೊಸದಾಗಿ ಸರಿಪಡಿಸಿದ್ದು) ಅನ್ನುವ ಪದ ನಂಬಿ ದುಡ್ಡು ಹಾಕಬೇಡಿ, ಅದನ್ನು ಯಾರು ಬೇಕಾದರೂ ಬರೆಯಬಹುದು. ಮೂಲ ನೆಗೆಟಿವ್‌ನಿಂದ ಹೊಸದಾಗಿ ಸ್ಕ್ಯಾನ್ ಮಾಡಿದ್ದಾರಾ, ಇಲ್ಲಾ ಡಿವಿಡಿ ಕಾಲದ ಹಳೇ ಮಾಸ್ಟರನ್ನೇ (ಡಿಸ್ಕ್‌ಗಳಿಗೆ ನಕಲು ತೆಗೆಯುವ ಪ್ರತಿ) ತೊಳೆದು ಕೊಟ್ಟಿದ್ದಾರಾ ಅಂತ ವಿಚಾರಿಸಿ. ಕೊಂಡವರು ಯಾರಾದರೂ ಹಾಕಿದ ಸ್ಕ್ರೀನ್‌ಶಾಟ್ ಸಿಕ್ಕರೆ ಪೂರ್ತಿ ಸೈಜ್‌ನಲ್ಲಿ ತೆರೆದು ಕೂದಲು ನೋಡಿ. ಎಳೆ ಎಳೆಯಾಗಿ ಕಾಣಬೇಕು, ಟೋಪಿ ಥರ ಅಲ್ಲ. ಡಿಸ್ಕ್‌ನ ರೀಜನ್ ಕೋಡ್ (ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡುತ್ತದೆ ಅಂತ ಹೇಳುವ ಗುರುತು) ನಿಮ್ಮ ಪ್ಲೇಯರ್‌ಗೆ ಹೊಂದುತ್ತದಾ ಅನ್ನುವುದನ್ನೂ ಆಗಲೇ ನೋಡಿಬಿಡಿ.

ಪ್ಯಾಕ್ ಒಡೆದಿದೆ ಅಂತ ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಡಬ್ಬಿ ಈಗ ಕಪಾಟಿನಲ್ಲಿದೆ. ಕವರ್ ಮೇಲಿನ ಚಿತ್ರದಲ್ಲಿ ಮಾತ್ರ ನಕ್ಷತ್ರಗಳು ಬೇಕಾದಷ್ಟಿವೆ.