ಹಳೇ ಗೇಮ್ ಎಲ್ಲಿ ಕೊಳ್ಳೋದು: ನ್ಯಾಷನಲ್ ಮಾರ್ಕೆಟ್ಟಾ, ಆನ್‌ಲೈನಾ, ಓಎಲ್‌ಎಕ್ಸಾ?

ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 5, ಅಂದರೆ ಪಿಎಸ್5ಗೆ ಬರುವ ದೊಡ್ಡ ಗೇಮ್ ಹೊಸದಾಗಿ ಕೊಂಡರೆ ಸುಮಾರು ಐದು ಸಾವಿರ ರೂಪಾಯಿ ಆಗಿಬಿಡುತ್ತದೆ. ಪಿಎಸ್4 ಕಾಲದಲ್ಲಿ 3,999 ಇತ್ತು, ಅದೇ ಜಾಸ್ತಿ ಅನಿಸುತ್ತಿತ್ತು. ಅದಕ್ಕೇ ನಾನು ಹೆಚ್ಚಿನ ಗೇಮ್‌ಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲೇ ಕೊಳ್ಳುತ್ತೇನೆ. ಆಡಿ ಮುಗಿದ ಮೇಲೆ ಮಾರಿಬಿಡುತ್ತೇನೆ. ಬೆಂಗಳೂರಿನಲ್ಲಿ ಇದಕ್ಕೆ ಮೂರು ದಾರಿ ಇವೆ. ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ ಒಂದು. ಹಳೇ ಗೇಮ್‌ಗಳನ್ನೇ ಕೊಂಡು ಮಾರುವ ಆನ್‌ಲೈನ್ ಅಂಗಡಿಗಳು ಇನ್ನೊಂದು. ಮೂರನೆಯದು ಓಎಲ್‌ಎಕ್ಸ್‌ನಲ್ಲಿ ನೇರವಾಗಿ ಆಡಿದವರ ಕೈಯಿಂದ ಕೊಳ್ಳುವುದು. ಮೂರು ಕಡೆಯೂ ಕೊಂಡಿದ್ದೇನೆ, ಮೂರು ಕಡೆಯೂ ಮಾರಿದ್ದೇನೆ.

ಎಲ್ಲರೂ ಮೊದಲು ಕೇಳುವುದು "ಎಷ್ಟಕ್ಕೆ ಕೊಡ್ತೀರಾ?" ಅಂತ. ನಾನು ಕೇಳುವುದು "ವಾಪಸ್ ಎಷ್ಟಕ್ಕೆ ತಗೋತೀರಾ?" ಅಂತ. ಒಂದು ಕಡೆ ಗೇಮ್ 2,800ಕ್ಕೆ ಸಿಕ್ಕಿ, ಅಲ್ಲೇ 2,200ಕ್ಕೆ ವಾಪಸ್ ಹೋಯಿತು ಅಂದುಕೊಳ್ಳಿ. ಆಡಿದ್ದಕ್ಕೆ ಬಿದ್ದ ಖರ್ಚು 600. ಇನ್ನೊಂದು ಕಡೆ ಅದೇ ಗೇಮ್ 2,500ಕ್ಕೇ ಸಿಕ್ಕಿತು, ಆದರೆ 1,400ಕ್ಕಿಂತ ಮೇಲೆ ಯಾರೂ ತಗೊಳ್ಳಲಿಲ್ಲ. ಅಲ್ಲಿಗೆ ಖರ್ಚು 1,100. ಹಳೇ ಗೇಮ್‌ನ ನಿಜವಾದ ಬೆಲೆ ಈ ಎರಡರ ನಡುವಿನ ವ್ಯತ್ಯಾಸ. ಮೂರು ದಾರಿಗಳನ್ನೂ ನಾನು ಅಳೆಯುವುದು ಇದರಿಂದಲೇ.

ಅಂಗಡಿಗಳ ಪೈಕಿ ಈ ಲೆಕ್ಕದಲ್ಲಿ ನ್ಯಾಷನಲ್ ಮಾರ್ಕೆಟ್ ಮುಂದಿದೆ. ಇಕ್ಕಟ್ಟಾದ ದಾರಿ, ಎರಡೂ ಕಡೆ ಪುಟ್ಟ ಪುಟ್ಟ ಅಂಗಡಿ, ಗಾಜಿನ ಕೌಂಟರ್, ಅದರ ಹಿಂದೆ ಸಾಲಾಗಿ ಜೋಡಿಸಿದ ನೀಲಿ ಮತ್ತು ಹಸಿರು ಡಬ್ಬಗಳು. ಒಂದು ಅಂಗಡಿಯಲ್ಲಿ ಹೇಳಿದ ರೇಟು ಸರಿ ಅನಿಸದಿದ್ದರೆ ನಾಲ್ಕು ಹೆಜ್ಜೆ ಆಚೆ ಇನ್ನೊಂದು ಅಂಗಡಿ ಇದೆ. ಅದು ಅವರಿಗೂ ಗೊತ್ತು, ನಮಗೂ ಗೊತ್ತು. ಹಾಗಾಗಿ ಚೌಕಾಸಿಗೆ ಜಾಗ ಇದೆ.

"ಅಣ್ಣ, ಇದನ್ನ ಆಡಿ ತಂದ್ರೆ ಎಷ್ಟು ಕೊಡ್ತೀರಾ?"

"ಈ ತಿಂಗಳಲ್ಲೇ ತಂದ್ರೆ ಆರ್ನೂರು ಕಟ್ ಸಾರ್. ಬೇರೆ ಗೇಮ್ ತಗೊಂಡ್ರೆ ನಾನೂರು. ಆಮೇಲೆ ತಂದ್ರೆ ಮಾರ್ಕೆಟ್ ರೇಟು."

ಈ ಮಾತಲ್ಲಿ ಎಲ್ಲಾ ಇದೆ. ದುಡ್ಡು ವಾಪಸ್ ಬೇಕೆಂದರೆ ಒಂದು ರೇಟು, ಎಕ್ಸ್‌ಚೇಂಜ್ ಆದರೆ ಇನ್ನೊಂದು. ತಡ ಮಾಡಿದಷ್ಟೂ ನಮಗೇ ನಷ್ಟ. ಗೇಮ್ ಏನಾದರೂ ಸೋನಿಗೆ ಚಂದಾ ಕಟ್ಟಿದವರಿಗೆ ಆಡಲು ಸಿಗುವ ಪಿಎಸ್ ಪ್ಲಸ್ ಎಕ್ಸ್‌ಟ್ರಾ ಪಟ್ಟಿಗೆ ಸೇರಿತೋ, ಅದರ ಹಳೇ ಡಿಸ್ಕ್ ಕೇಳುವವರೇ ಕಮ್ಮಿಯಾಗುತ್ತಾರೆ. ಈ ರೇಟನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಕೇಳಿದರೆ ಬರೆದುಕೊಡುತ್ತಾರೆ. ಬಿಲ್ ಕೊಡಲ್ಲ ಅನ್ನುವ ಅಂಗಡಿಯಲ್ಲಿ ನಾನು ಕೊಳ್ಳುವುದೇ ಇಲ್ಲ.

ಇಲ್ಲಿನ ಇನ್ನೊಂದು ದೊಡ್ಡ ಅನುಕೂಲ, ಡಿಸ್ಕ್ ಕೈಗೆ ಸಿಗುತ್ತದೆ. ಡಬ್ಬ ತೆಗೆದು, ಡಿಸ್ಕನ್ನು ಅಂಚಿನಲ್ಲಿ ಹಿಡಿದು, ಟ್ಯೂಬ್‌ಲೈಟ್ ಕೆಳಗೆ ನಿಧಾನವಾಗಿ ವಾಲಿಸಿ ನೋಡಿ. ಕೂದಲೆಳೆಯಂಥ ಗೆರೆಗಳಿಗೆ ಹೆದರಬೇಕಿಲ್ಲ. ಮಧ್ಯದಿಂದ ಅಂಚಿಗೆ ಹೋಗುವ ಗೆರೆಗಿಂತ ಸುತ್ತಲೂ ಬಳಸಿ ಹೋದ ಗೆರೆ ಕೆಟ್ಟದ್ದು, ಯಾಕೆಂದರೆ ಡೇಟಾ ಕೂಡ ಅದೇ ದಿಕ್ಕಿನಲ್ಲಿ ಸುತ್ತಿಕೊಂಡಿರುತ್ತದೆ. ಉಗುರು ಆಡಿಸಿದಾಗ ಸಿಕ್ಕಿಹಾಕಿಕೊಳ್ಳುವಷ್ಟು ಆಳ ಇದ್ದರೆ ಬೇಡವೇ ಬೇಡ. ಈಗಿನ ಗೇಮ್‌ಗಳು ಬರುವ ಬ್ಲೂ-ರೇ ಡಿಸ್ಕ್‌ನಲ್ಲಿ ಡೇಟಾ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ. ಡಿವಿಡಿಯಲ್ಲಿ 0.6 ಇತ್ತು. ಹಳೇ ಪಿಎಸ್2 ಡಿಸ್ಕ್‌ಗಳನ್ನು ಪಾಲಿಶ್ ಮಾಡಿಸಿ ಉಳಿಸಿಕೊಳ್ಳುತ್ತಿದ್ದ ಹಾಗೆ ಇವನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಬ್ಲೂ-ರೇ ಮೇಲೆ ಗಟ್ಟಿ ಲೇಪನ ಇರುವುದರಿಂದ ಸುಮ್ ಸುಮ್ನೆ ಸ್ಕ್ರ್ಯಾಚ್ ಆಗಲ್ಲ ಅನ್ನುವುದೊಂದೇ ಸಮಾಧಾನ. ಮಧ್ಯದ ತೂತಿನ ಸುತ್ತ ಸೀಳು ಇದೆಯಾ ಅಂತಲೂ ನೋಡಿ. ಡಬ್ಬದಿಂದ ಒರಟಾಗಿ ಕಿತ್ತು ತೆಗೆಯುವವರ ಡಿಸ್ಕ್‌ಗಳಲ್ಲಿ ಅದು ಇರುತ್ತದೆ.

ಅಂಗಡಿಯವರು ಡಿಸ್ಕ್ ಹಾಕಿ ಲೋಗೋ ಬರುವವರೆಗೆ ತೋರಿಸುತ್ತಾರೆ. ಅಷ್ಟು ಸಾಲದು. ಪಿಎಸ್4 ಮತ್ತು ಪಿಎಸ್5 ಗೇಮ್ ಪೂರ್ತಿಯಾಗಿ ಕನ್ಸೋಲ್ ಒಳಗೆ ಕಾಪಿ ಆಗುತ್ತದೆ, ಆಮೇಲೆ ಡಿಸ್ಕ್ ಬೇಕಾಗುವುದು ಗೇಮ್ ನಮ್ಮದೇ ಅಂತ ತೋರಿಸಲಿಕ್ಕೆ ಮಾತ್ರ. ಅಂದರೆ ಡಿಸ್ಕ್ ಚೆನ್ನಾಗಿದೆಯಾ ಅನ್ನುವುದು ತಿಳಿಯುವುದು ಆ ಕಾಪಿ ಕೊನೆಯವರೆಗೆ ಮುಗಿದಾಗ. ಮನೆಗೆ ಬಂದ ದಿನವೇ ಪೂರ್ತಿ ಇನ್‌ಸ್ಟಾಲ್ ಮಾಡಿ. ಮಧ್ಯದಲ್ಲಿ ನಿಂತರೆ ಮಾರನೇ ದಿನವೇ ವಾಪಸ್ ಒಯ್ಯಿರಿ.

ಇನ್ನು ಆನ್‌ಲೈನ್. ಗೇಮ್‌ಲೂಟ್, ಗೇಮ್‌ನೇಷನ್ ಥರದ ಹೆಸರುಗಳು ಆಡುವವರಿಗೆಲ್ಲ ಗೊತ್ತಿರುತ್ತವೆ. ಹಾಸನದಲ್ಲೋ ಸಿರಸಿಯಲ್ಲೋ ಇರುವವರಿಗೆ ಇವು ನಿಜವಾಗಿಯೂ ದೊಡ್ಡ ಉಪಕಾರ. ಮೆಜೆಸ್ಟಿಕ್‌ಗೆ ಬಂದು ಹೋಗುವ ಖರ್ಚಿನಲ್ಲೇ ಇನ್ನೊಂದು ಹಳೇ ಗೇಮ್ ಬರುತ್ತದೆ, ಅಲ್ವಾ? ರೇಟು ಮೊದಲೇ ಬರೆದಿರುತ್ತದೆ, ಚೌಕಾಸಿ ಬರದವರಿಗೆ ಅದೂ ಒಂದು ನೆಮ್ಮದಿ. ಅಂಗಡಿಗಳಲ್ಲಿ ಸಿಗದ ಹಳೇ ಪಿಎಸ್3 ಗೇಮ್‌ಗಳನ್ನು ನಾನು ಹುಡುಕಿದ್ದು ಆನ್‌ಲೈನ್‌ನಲ್ಲೇ. ಆದರೆ ಮಾರುವಾಗ ನನ್ನ ಕೈಗೆ ಬಂದ ದುಡ್ಡು ನ್ಯಾಷನಲ್ ಮಾರ್ಕೆಟ್‌ಗಿಂತ ಕಮ್ಮಿ. ಕೊರಿಯರ್, ಪರೀಕ್ಷೆ, ಪ್ಯಾಕಿಂಗ್ ಎಲ್ಲವೂ ಆ ವ್ಯತ್ಯಾಸದಲ್ಲೇ ಸೇರಿಕೊಂಡಿರುತ್ತದೆ.

ಡಿಸ್ಕ್ ನೋಡದೆ ಕೊಳ್ಳುವುದರಲ್ಲಿ ಸ್ಕ್ರ್ಯಾಚ್‌ಗಿಂತ ದೊಡ್ಡ ತೊಂದರೆ ರೀಜನ್‌ನದು, ಅಂದರೆ ಡಿಸ್ಕ್ ಯಾವ ದೇಶದ ಮಾರುಕಟ್ಟೆಗೆ ಮಾಡಿದ್ದು ಅನ್ನುವುದು. ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದ ಪಿಎಸ್4 ಗೇಮ್ ಅಮೆರಿಕದ ಡಿಸ್ಕ್ ಆಗಿತ್ತು. ಜಾಹೀರಾತಿನಲ್ಲಿ ಆ ಮಾತೇ ಇರಲಿಲ್ಲ, ಫೋಟೋ ಕೂಡ ಬೇರೆ ಕವರಿನದು. ಗೇಮ್ ಏನೋ ಓಡಿತು, ಪಿಎಸ್4 ಯಾವ ದೇಶದ ಡಿಸ್ಕನ್ನಾದರೂ ಓಡಿಸುತ್ತದೆ. ಆದರೆ ಇಂಡಿಯಾ ಅಕೌಂಟ್‌ನಲ್ಲಿ ನಾನು ಮೊದಲೇ ಕೊಂಡಿದ್ದ ಡಿಎಲ್‌ಸಿ, ಅಂದರೆ ಗೇಮ್‌ಗೆ ಬೇರೆಯಾಗಿ ಡೌನ್‌ಲೋಡ್ ಮಾಡಿಕೊಳ್ಳುವ ಹೆಚ್ಚುವರಿ ಭಾಗ, ಅದಕ್ಕೆ ಕೂಡಲಿಲ್ಲ. ಡಿಎಲ್‌ಸಿಗೂ ಡಿಸ್ಕ್‌ಗೂ ರೀಜನ್ ಒಂದೇ ಇರಬೇಕು. ಗುರುತಿಸುವುದು ಸುಲಭ: ಕವರಿನ ಮುಂದೆ ಕೆಳಗಿನ ಮೂಲೆ ನೋಡಿ. ವಯಸ್ಸಿನ ಗುರುತು 12, 16, 18 ಅಂತ ಅಂಕಿಯಲ್ಲಿದ್ದರೆ ಅದು ಯುರೋಪಿನ ಪೆಗಿ ಗುರುತು, ನಮ್ಮಲ್ಲಿ ಸಾಮಾನ್ಯವಾಗಿ ಮಾರುವುದು ಅದೇ. ಇಂಗ್ಲಿಷಿನ 'ಟಿ', 'ಎಂ' ಥರ ಅಕ್ಷರ ಇದ್ದರೆ ಅಮೆರಿಕದ್ದು. ನ್ಯಾಷನಲ್ ಮಾರ್ಕೆಟ್‌ನಲ್ಲಿ ಇದು ಒಂದು ಕ್ಷಣದ ಕೆಲಸ. ಆನ್‌ಲೈನ್‌ನಲ್ಲಾದರೆ ಆರ್ಡರ್ ಮಾಡುವ ಮುಂಚೆ ಮೆಸೇಜ್ ಹಾಕಿ ಕೇಳಬೇಕು. ಹಳೇ ಗೇಮ್ ಮಾರುವ ಪ್ರತಿಯೊಬ್ಬರೂ ರೀಜನ್ ಬರೆದೇ ಮಾರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಓಎಲ್‌ಎಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಲೆಯಲ್ಲಿ ಇದನ್ನು ಮೀರಿಸುವುದು ಕಷ್ಟ, ಮಧ್ಯೆ ಅಂಗಡಿಯೇ ಇಲ್ಲವಲ್ಲ. ಮಾರುವಾಗಲೂ ಅಂಗಡಿಗಿಂತ ಜಾಸ್ತಿ ಸಿಗುತ್ತದೆ. ಆದರೆ "ಲಾಸ್ಟ್ ಎಷ್ಟು ಬ್ರೋ" ಅಂತ ಕೇಳಿ ಮಾಯವಾಗುವವರಿಗೆ ಉತ್ತರ ಕೊಟ್ಟು ಕೊಟ್ಟು ಸುಸ್ತಾಗುತ್ತದೆ. ಮೆಟ್ರೋ ಸ್ಟೇಷನ್ ಥರ ಜನ ಇರುವ ಜಾಗದಲ್ಲೇ ಭೇಟಿ ಮಾಡಿ. ಮುಂಗಡ ಕಳಿಸಬೇಡಿ. ಯಾರಾದರೂ ದುಡ್ಡು ಹಾಕುತ್ತೇನೆ, ಕ್ಯುಆರ್ ಸ್ಕ್ಯಾನ್ ಮಾಡಿ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ದುಡ್ಡು ಪಡೆಯಲು ಸ್ಕ್ಯಾನ್ ಮಾಡುವುದಾಗಲಿ ಪಿನ್ ಹಾಕುವುದಾಗಲಿ ಯುಪಿಐನಲ್ಲಿ ಇಲ್ಲವೇ ಇಲ್ಲ.

ಹಾಗಾಗಿ ಆಡಿ ಬೇಗ ಮುಗಿಸುವ ಕಥೆಯ ಗೇಮ್ ಆದರೆ ನಾನು ನ್ಯಾಷನಲ್ ಮಾರ್ಕೆಟ್‌ಗೆ ಹೋಗುತ್ತೇನೆ. ಮಾರದೆ ಇಟ್ಟುಕೊಳ್ಳುವ ಗೇಮ್‌ಗೆ ವಾಪಸ್ ರೇಟಿನ ಹಂಗಿಲ್ಲ, ಅದಕ್ಕೆ ಓಎಲ್‌ಎಕ್ಸ್ ಅಥವಾ ಆನ್‌ಲೈನ್. ನಿಂಟೆಂಡೊ ಸ್ವಿಚ್‌ನ ಕಾರ್ಟ್ರಿಡ್ಜ್ ಬೇಕಿದ್ದರೂ ಅಂಗಡಿಗೇ ಹೋಗುತ್ತೇನೆ, ಬಿಲ್ ಸಮೇತ, ಗೊತ್ತಿರುವವರ ಹತ್ತಿರ ಮಾತ್ರ.

ಇದೆಲ್ಲಾ ನಡೆಯುವುದು ಡಿಸ್ಕ್ ಇರುವವರೆಗೆ. 2013ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಹಳೇ ಗೇಮ್‌ಗಳ ಮಾರಾಟಕ್ಕೆ ಕಟ್ಟುಪಾಡು ಹಾಕಲು ಹೊರಟಿತ್ತು. ಆಡುವವರೆಲ್ಲ ಸಿಟ್ಟಾದ ಮೇಲೆ ಅದೇ ವರ್ಷದ ಜೂನ್‌ನಲ್ಲಿ ಹಿಂದೆ ಸರಿಯಿತು. ಈಗ ಅಂಥ ಕಟ್ಟುಪಾಡೇ ಬೇಕಿಲ್ಲ, ಡಿಸ್ಕ್ ಡ್ರೈವ್ ಇಲ್ಲದ ಕನ್ಸೋಲ್ ಮಾರಿದರೆ ಸಾಕು. ಪಿಎಸ್5 ನಮ್ಮಲ್ಲಿ 2021ರ ಫೆಬ್ರವರಿಯಲ್ಲಿ ಬಂದಾಗ ಡಿಸ್ಕ್ ಇರುವುದಕ್ಕೆ 49,990, ಇಲ್ಲದ್ದಕ್ಕೆ 39,990 ಇತ್ತು. ಆ ಹತ್ತು ಸಾವಿರ ಉಳಿತಾಯದ ಹಾಗೆ ಕಾಣುತ್ತದೆ. ಆದರೆ ಡೌನ್‌ಲೋಡ್ ಮಾಡಿದ ಗೇಮ್ ವಾಪಸ್ ಎಷ್ಟಕ್ಕೆ ಹೋಗುತ್ತದೆ ಅಂತ ಲೆಕ್ಕ ಹಾಕಿ ನೋಡಿ, ಉತ್ತರ ಸೊನ್ನೆ. ಹಳೇ ಗೇಮ್ ಆಡುವ ಯೋಚನೆ ಇರುವವರು ಡ್ರೈವ್ ಇರುವ ಕನ್ಸೋಲನ್ನೇ ತಗೊಳ್ಳಿ.