ತಲಕಾಡಿನ ಮರಳಿನಲ್ಲಿ ಜರಡಿ ಹಿಡಿದ ಎರಡು ಭಾನುವಾರಗಳು

ತಿಂಗಳಿಗೊಂದು ಭಾನುವಾರ ಮೈಸೂರಿನಿಂದ ನಸುಕಿನಲ್ಲೇ ಹೊರಟು, ತಲಕಾಡಿನ ದೇವಾಲಯಗಳ ನಡುವಿನ ಮರಳು ದಾರಿಯಲ್ಲಿ ಬಿದ್ದಿರುವ ಕಸವನ್ನು ತೆಗೆದು, ಊಟದ ಹೊತ್ತಿಗೆ ಎಲ್ಲರನ್ನೂ ಊರಿಗೆ ತಂದು ಬಿಡುವ ಸ್ವಯಂಸೇವಕರ ತಂಡವೊಂದಿದೆ. ತಲೆಗೆ 400 ರೂಪಾಯಿ. ಅದರಲ್ಲಿ ಬಸ್ಸು, ಬೆಳಗಿನ ತಿಂಡಿ, ಕೈಗವಸು ಎಲ್ಲವೂ ಸೇರುತ್ತವೆ. ನಾನು ಮತ್ತು ನನ್ನ ಪತ್ನಿ ಫೆಬ್ರವರಿಯಲ್ಲಿ ಒಮ್ಮೆ, ಜುಲೈನಲ್ಲಿ ಇನ್ನೊಮ್ಮೆ ಹೋಗಿಬಂದೆವು. ದುಡ್ಡು ಕೊಟ್ಟು ಕಸ ಆಯಲು ಹೋಗುವವರನ್ನು ಇದೇ ಮೊದಲು ಕಂಡದ್ದು ಎಂದು ಮಗಳು ನಕ್ಕಳು. ಆ ದುಡ್ಡಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಮುಂದೆ ಹೋಗುವವರ ಅನುಕೂಲಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ತಂಡದ ಹೆಸರನ್ನು ಬರೆಯದಿರುವುದು ಮರೆವಿನಿಂದಲ್ಲ, ಅದಕ್ಕೆ ಹೆಸರೇ ಇಲ್ಲ. ಬ್ಯಾನರಾಗಲಿ, ಒಂದೇ ಬಣ್ಣದ ಟೀ ಶರ್ಟಾಗಲಿ, ಚೀಲಗಳ ಹಿಂದೆ ಸಾಲಾಗಿ ನಿಂತು ತೆಗೆಸಿಕೊಳ್ಳುವ ಫೋಟೋ ಆಗಲಿ ಇಲ್ಲ. ನಮ್ಮ ಅಳಿಯ ಇರುವ ಅರಿಜೋನಾದಲ್ಲಿ ಮರುಭೂಮಿಯ ನಡುವಿನ ಹೆದ್ದಾರಿಗಳನ್ನು ಊರ ಸಂಘಗಳು ದತ್ತು ತೆಗೆದುಕೊಂಡು ಶುಚಿ ಮಾಡುತ್ತವೆ; 1985ರಲ್ಲಿ ಟೆಕ್ಸಾಸ್‌ನಲ್ಲಿ ಆರಂಭವಾದ ಆ ಪದ್ಧತಿಯಲ್ಲಿ ದತ್ತು ಪಡೆದವರ ಹೆಸರಿನ ಫಲಕವನ್ನು ರಸ್ತೆಬದಿಯಲ್ಲಿ ನಿಲ್ಲಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಹೆಸರಿದ್ದರೆ ಹೊಣೆಯೂ ಇರುತ್ತದೆ. ಆದರೆ ತಲಕಾಡಿನಲ್ಲಿ ಇನ್ನೊಂದು ಫಲಕ ನಿಲ್ಲದಿರುವುದೇ ಕಣ್ಣಿಗೆ ಹಿತವೆಂದು ನನಗನ್ನಿಸಿತು.

ಬಸ್ಸು ವರುಣ ದಾಟಿ ತಿರುಮಕೂಡಲು ನರಸೀಪುರದ ಕಡೆಗೆ ಓಡುತ್ತಿದ್ದಾಗ, ತಂಡವನ್ನು ನಡೆಸುವ ನಿವೃತ್ತ ಮೇಷ್ಟ್ರು ಎದ್ದು ನಿಂತು ಅರ್ಧ ಗಂಟೆ ಮಾತನಾಡಿದರು. ತಲಕಾಡು ಎಂದೊಡನೆ ಎಲ್ಲರ ಬಾಯಿಗೂ ಬರುವುದು ಅಲಮೇಲಮ್ಮನ ಶಾಪ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಕಾಲಕ್ಕೆ ಸೇರಿದ, ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಎಂದು ಸಾಗುವ ಆ ಮಾತನ್ನು ಹಿಂದಿನ ಸೀಟಿನ ಹುಡುಗರೇ ಒಕ್ಕೊರಲಿನಿಂದ ಹೇಳಿ ಮುಗಿಸಿದರು. ಮೇಷ್ಟ್ರು ಶಾಪವನ್ನು ಹಗುರ ಮಾಡಲಿಲ್ಲ, ಆದರೆ ಅಲ್ಲಿಗೇ ನಿಲ್ಲಿಸಲೂ ಇಲ್ಲ. ಗಂಗರ ರಾಜಧಾನಿಯಾಗಿ, ಚೋಳರ ಕೈಸೇರಿ, ವಿಷ್ಣುವರ್ಧನ ಗೆದ್ದ ಮೇಲೆ ಕೀರ್ತಿನಾರಾಯಣ ದೇವಾಲಯವನ್ನು ಕಂಡ ಈ ಊರಿನ ಬಳಿ ಕಾವೇರಿ ಹೇಗೆ ತಿರುವು ಪಡೆಯುತ್ತದೆ, 14ನೇ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿ ಕಟ್ಟಿಸಿದ ಕಟ್ಟೆಯಿಂದ ನೀರಿನ ಹರಿವು ತಗ್ಗಿ ಹೊಳೆಯ ಮರಳು ಹೇಗೆ ಬಯಲಿಗೆ ಬಿತ್ತು, ಆ ಮರಳನ್ನು ಮುಂಗಾರಿನ ಗಾಳಿ ಹೇಗೆ ಊರ ಮೇಲೆ ತಂದು ಸುರಿಯಿತು ಎಂದು ಪಂಡಿತರು ಕೊಡುವ ವಿವರಣೆಯನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಮರಳಿನ ದಿಬ್ಬಗಳು ವರ್ಷಕ್ಕೆ 9–10 ಅಡಿಯಂತೆ ಊರಿನತ್ತ ಒತ್ತಿಬರುತ್ತಿದ್ದವೆಂದೂ, ಜನ ಮತ್ತೆ ಮತ್ತೆ ಮನೆ ಬಿಟ್ಟು ಹಿಂದೆ ಸರಿಯಬೇಕಾಯಿತೆಂದೂ ಹಳೆಯ ಗೆಜೆಟಿಯರಿನಲ್ಲಿ ದಾಖಲಾಗಿದೆಯಂತೆ. ಪ್ರವಾಸದ ಬಸ್ಸುಗಳಲ್ಲಿ ಮೈಕು ಹಿಡಿದು ಹೇಳುವ ಕಥೆಗಳನ್ನು ಬಹಳ ಕೇಳಿದ್ದೇನೆ. ಮಾಡಲಿರುವ ಕೆಲಸಕ್ಕೆ ನೇರವಾಗಿ ಬೇಕಾದ ವಿವರಣೆಯನ್ನು ಕೇಳಿದ್ದು ಇದೇ ಮೊದಲು.

ಏಕೆಂದರೆ ಇಲ್ಲಿನ ಕಸದ ಸ್ವಭಾವ ಬೇರೆ. ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಬಿದ್ದ ಬಾಟಲಿ ಯಾರಾದರೂ ಎತ್ತುವವರೆಗೆ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಮರಳಿನಲ್ಲಿ ಬಿದ್ದದ್ದು ಹತ್ತಾರು ಕಾಲುಗಳ ತುಳಿತಕ್ಕೆ ಸಿಕ್ಕಿ ಮೊದಲು ಒಳಗಿಳಿಯುತ್ತದೆ. ಜಾಗ ನುಣುಪಾಗಿ, ಚೊಕ್ಕಟವಾಗಿ ಕಾಣುತ್ತದೆ. ಗಾಳಿ ಎದ್ದ ಮೇಲೆ ಮತ್ತೆ ಹೊರಬರುತ್ತದೆ. ಆದ್ದರಿಂದ ಈ ತಂಡದ ಮುಖ್ಯ ಸಾಧನ ಪೊರಕೆಯಲ್ಲ, ಜರಡಿ. ಗಾರೆ ಕೆಲಸದವರು ಇಟ್ಟುಕೊಳ್ಳುವಂಥದ್ದೇ, ಮರದ ಚೌಕಟ್ಟಿಗೆ ತಂತಿಬಲೆ ಹೊಡೆದದ್ದು. ಇಬ್ಬರು ಎರಡು ಬದಿ ಹಿಡಿಯಬೇಕು, ಮೂರನೆಯವರು ಮೇಲುಮರಳನ್ನು ಬಾಣಲೆಯಲ್ಲಿ ತೆಗೆದು ಸುರಿಯಬೇಕು. ನಾಲ್ಕು ಬಾರಿ ಅಲುಗಿಸಿದರೆ ಮರಳು ಸರ್ರನೆ ಇಳಿದು, ಬಲೆಯ ಮೇಲೆ ಒಣ ಎಲೆ, ನೀಲಗಿರಿಯ ಪುಟ್ಟ ಕಾಯಿಗಳು, ಅವುಗಳ ನಡುವೆ ನೀಲಿ ಮುಚ್ಚಳ, ಕರ್ಪೂರದ ಪೊಟ್ಟಣದ ತುಂಡು, ಗುಟ್ಕಾ ಚೀಟಿಯ ಬೆಳ್ಳಿ ಹಾಳೆ, ಶಾಂಪೂ ಪೊಟ್ಟಣದ ಹರಿದ ಮೂಲೆ ಉಳಿಯುತ್ತವೆ. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಆ ಹರಿದ ಮೂಲೆಗಳೇ. ಪೊಟ್ಟಣವನ್ನು ಬುಟ್ಟಿಗೆ ಹಾಕುವ ಸಭ್ಯರೂ ಹಲ್ಲಿನಿಂದ ಕಿತ್ತ ಮೂಲೆಯನ್ನು ಅಲ್ಲೇ ಉಗಿದುಬಿಡುತ್ತಾರೆ.

ಕಾಯಿ, ಎಲೆಗಳನ್ನು ಮತ್ತೆ ಅಲ್ಲಿಯೇ ಸುರಿಯಬೇಕೆಂಬುದು ತಂಡದ ಕಟ್ಟುನಿಟ್ಟು. ಗರಿಕೆ ಹಬ್ಬಿದ ಕಡೆ ಜರಡಿಯನ್ನೂ ಇಡುವಂತಿಲ್ಲ, ಕಾಲನ್ನೂ ಇಡುವಂತಿಲ್ಲ. ಸಡಿಲ ಮರಳನ್ನು ಹಿಡಿದು ನಿಲ್ಲಿಸಿರುವುದು ಆ ಬೇರುಗಳೇ. ಮರಳಿನ ಓಟವನ್ನು ತಡೆಯಲೆಂದು ಬೆಳೆಸಿದ ನೀಲಗಿರಿ ಮರಗಳ ನೆರಳಿನಲ್ಲಿ ನಾವೆಲ್ಲ ಒಬ್ಬರ ಹೆಜ್ಜೆಯಲ್ಲಿ ಇನ್ನೊಬ್ಬರು ಹೆಜ್ಜೆಯಿಡುತ್ತ ಸಾಲಾಗಿ ನಡೆದೆವು. ದೇವಾಲಯಗಳ ಹತ್ತಿರ ಜರಡಿಯ ಮಾತೇ ಇಲ್ಲ. ಅಲ್ಲಿ ಮೇಲೆ ಕಂಡದ್ದನ್ನು ಕೈಯಿಂದ ಆಯ್ದುಕೊಳ್ಳುವುದಷ್ಟೆ. ಮರುಳೇಶ್ವರದ ದಾರಿಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳಿಗೆ ಅಂಗೈ ಅಗಲದ, ಅಂಚಿನಲ್ಲಿ ಗೆರೆ ಕೊರೆದ ಮಡಕೆಯ ಚೂರೊಂದು ಕಂಡಿತು. “ತಾತ, ಇದು ಗಂಗರದಾ?” ಎಂದು ಎತ್ತಿಕೊಂಡು ಓಡಿಬಂದಳು. ಮೇಷ್ಟ್ರು ಕನ್ನಡಕ ಮೇಲೆತ್ತಿ ನೋಡಿದರು. “ಇರಬಹುದು ಕಂದ. ಹೋದ ವಾರದ್ದೂ ಇರಬಹುದು. ನಮ್ಮದಂತೂ ಅಲ್ಲ, ಇದ್ದ ಕಡೆ ಇಟ್ಟು ಬಾ” ಎಂದರು. ಹುಡುಗಿಯ ಮುಖ ಸಪ್ಪಗಾಯಿತು. ಮೂವತ್ತಕ್ಕೂ ಹೆಚ್ಚು ಗುಡಿಗಳು ಇನ್ನೂ ಮರಳಿನಡಿ ಇವೆಯೆಂಬ ನಂಬಿಕೆ ಇರುವ ಜಾಗದಲ್ಲಿ ಚೂರು ಸಿಕ್ಕ ಸ್ಥಳಕ್ಕೂ ಚೂರಿನಷ್ಟೇ ಬೆಲೆಯಿದೆ ಎಂದು ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಅವರು ವಿವರಿಸಿದ ರೀತಿ ನನಗೆ ಇಡೀ ಪ್ರವಾಸದಲ್ಲಿ ಬಹಳ ಮೆಚ್ಚುಗೆಯಾದ ಸಂಗತಿ. ಸಮಾಧಾನಕ್ಕೆಂದು, ಇರುವೆ ಹಿಡಿಯಲು ಮರಳಿನಲ್ಲಿ ಬಟ್ಟಲಿನಂಥ ಕುಳಿ ತೋಡಿ ಕಾಯುವ ಹುಳುವನ್ನೂ ತೋರಿಸಿದರು. ಆಮೇಲೆ ಅವಳು ಜರಡಿಯ ಕಡೆ ತಿರುಗಿಯೂ ನೋಡಲಿಲ್ಲ.

ಇನ್ನು ಕೊರತೆಗಳು. ಎರಡೂ ಸಲ ಬಸ್ಸು ಮುಕ್ಕಾಲು ಗಂಟೆ ತಡವಾಗಿ ಹೊರಟಿತು. ಬೇರೆ ಪ್ರವಾಸದಲ್ಲಾದರೆ ಇದನ್ನು ಬರೆಯುತ್ತಲೂ ಇರಲಿಲ್ಲ. ಆದರೆ ತಲಕಾಡಿನ ಮರಳು ಹತ್ತು ಗಂಟೆಯ ಹೊತ್ತಿಗೆ ಕಾಯತೊಡಗುತ್ತದೆ, ಹನ್ನೊಂದಕ್ಕೆ ಬರಿಗಾಲು ಇಡಲಾಗುವುದಿಲ್ಲ. ಬೆಳಿಗ್ಗೆ ಕಳೆದ ಮುಕ್ಕಾಲು ಗಂಟೆಯೇ ಕೆಲಸಕ್ಕೆ ಒದಗಬೇಕಾದ ತಂಪಿನ ಹೊತ್ತು. ತಿಂಡಿಗೆ ಮುತ್ತುಗದ ಎಲೆಯ ಮೇಲೆ ಬಿಸಿ ಇಡ್ಲಿ, ಗಟ್ಟಿ ಚಟ್ನಿ, ಟೊಮೆಟೊ ಬಾತ್ ಬಡಿಸಿದರು, ರುಚಿಗೆ ಹೆಸರಿಡುವಂತಿರಲಿಲ್ಲ. ಅದರ ಬೆನ್ನಿಗೇ ಕಾಫಿ ಬಂದದ್ದು ಮಾತ್ರ ಪೇಪರ್ ಲೋಟದಲ್ಲಿ! ಆ ಲೋಟದ ಒಳಮೈಗೆ ಪ್ಲಾಸ್ಟಿಕ್ಕಿನ ಪದರ ಬಳಿದಿರುತ್ತಾರೆಂಬುದು ಬಸ್ಸಿನಲ್ಲಿದ್ದ ಎಲ್ಲರಿಗೂ ಗೊತ್ತು, ಬಡಿಸಿದವರಿಗೂ ಗೊತ್ತು. ಫೆಬ್ರವರಿಯಲ್ಲಿ ಹೇಳಿದೆ, “ಮುಂದಿನ ಸಲ ಸ್ಟೀಲ್ ಲೋಟ ತರುತ್ತೇವೆ ಸರ್” ಎಂದರು. ಜುಲೈನಲ್ಲಿಯೂ ಅದೇ ಲೋಟ, ಅದೇ ಮಾತು. ಹೆಂಗಸರಿಗೆ ಶೌಚಾಲಯದ ವ್ಯವಸ್ಥೆಯನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ. ಹಿಂದಿರುಗುವಾಗ ನರಸೀಪುರದ ಹೋಟೆಲೊಂದರಲ್ಲಿ ಬಸ್ಸು ನಿಲ್ಲುವವರೆಗೆ ನನ್ನ ಪತ್ನಿ ನೀರನ್ನೇ ಕುಡಿಯಲಿಲ್ಲ. ಆ ಬಿಸಿಲಿನಲ್ಲಿ ಇದು ಸಣ್ಣ ಲೋಪವಲ್ಲ.

ಜುಲೈನಲ್ಲಿ ನನ್ನ ಮನಸ್ಸಿಗೆ ಹೆಚ್ಚು ಕಸಿವಿಸಿಯಾದದ್ದು ಬೇರೆ ಕಾರಣಕ್ಕೆ. ಆ ದಿನ ಜನ ಹೆಚ್ಚು, ಜರಡಿ ಕಡಿಮೆ. ಹೊಸಬರಿಗೆ ಕೆಲಸ ಸಾಲದೆಂದು ಯಾರೋ ಹಲ್ಲಿರುವ ಕಬ್ಬಿಣದ ರೇಕುಗಳನ್ನು ಹಂಚಿದರು. ಹುರುಪಿನ ಹುಡುಗರು ಕ್ಷಣಮಾತ್ರದಲ್ಲಿ ದಾರಿಯ ಅಂಚಿನ ಗರಿಕೆಯನ್ನು ಬೇರುಸಹಿತ ಎಳೆದು ಗುಡ್ಡೆ ಹಾಕಿದರು. ಮೇಷ್ಟ್ರು ಆಗ ದಿಬ್ಬದ ಆಚೆ ಬದಿಯಲ್ಲಿದ್ದರು. ಬರುವಷ್ಟರಲ್ಲಿ ಹತ್ತು ಹದಿನೈದು ಅಡಿಯ ಅಂಚು ಬೋಳಾಗಿತ್ತು. ಅಂದು ಗಾಳಿಯೂ ಜೋರಾಗಿತ್ತು. ಬೋಳಾದ ಅಂಚಿನಿಂದ ಮರಳು ಸಣ್ಣಗೆ ಎದ್ದು ದಾರಿಗೆ ಹರಿಯುವುದನ್ನು ನಿಂತು ನೋಡಿದೆವು. ಶುಚಿ ಮಾಡುವ ಆತುರಕ್ಕೆ, ಉಳಿಸಬೇಕಾದದ್ದೇ ಹೋಯಿತು. ಇಪ್ಪತ್ತೈದು ಜನರಿಗಿಂತ ಹೆಚ್ಚು ಮಂದಿಯನ್ನು ಸೇರಿಸಿಕೊಳ್ಳಬೇಡಿ ಎಂದು ಅಂದೇ ಹೇಳಿ ಬಂದಿದ್ದೇನೆ.

ಹಾಗೆಂದು ಜುಲೈನ ಪ್ರವಾಸ ವ್ಯರ್ಥವೆನ್ನಲಾರೆ. ಫೆಬ್ರವರಿಯಲ್ಲಿ ನಾವು ಜರಡಿ ಹಿಡಿದ ಜಾಗವನ್ನೇ ಮತ್ತೆ ಕೊಡಿ ಎಂದು ಕೇಳಿಕೊಂಡಿದ್ದೆವು. ಎರಡು ನೀಲಗಿರಿ ಮರಗಳ ನಡುವಿನ ಆ ತುಂಡಿನಲ್ಲಿ ಈ ಸಲವೂ ಅರ್ಧ ಚೀಲ ಸಿಕ್ಕಿತು. ಅದರಲ್ಲಿ ಹೊಸದು ಕಡಿಮೆ. ಬಣ್ಣ ಮಾಸಿ, ಮುಟ್ಟಿದರೆ ಪುಡಿಯಾಗುವ ಹಳೆಯ ಕೈಚೀಲಗಳೇ ಹೆಚ್ಚು. ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಗಳ ನಿಷೇಧ ಜಾರಿಯಾದದ್ದು 2016ರಲ್ಲಿ. ಈ ಚೀಲಗಳನ್ನು ನೋಡಿದರೆ ಅದಕ್ಕೂ ಹಿಂದಿನವು, ಯಾವುದೋ ಪಂಚಲಿಂಗ ದರ್ಶನದ ಜಾತ್ರೆಗೆ ಬಂದವರು ಬಿಟ್ಟುಹೋದವು ಇರಬಹುದೇ ಎಂಬ ಅನುಮಾನ ಬಂತು. ಆ ದರ್ಶನ 2009 ಮತ್ತು 2013ರ ನಂತರ 2020ರ ಡಿಸೆಂಬರಿನಲ್ಲಿ ನಡೆಯಿತು. ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರು 2016ರಲ್ಲಿ ಮೊದಲ ಸ್ಥಾನ ಪಡೆದಾಗ ನಾವೆಲ್ಲ ಹಿಗ್ಗಿದ್ದೆವು. ಆದರೆ ನನ್ನ ಕೈಗೆ ಬಂದ ಒಂದು ಚೀಲದ ಮೇಲೆ ಅರ್ಧ ಅಳಿಸಿದ್ದ ವಿಳಾಸ ದೇವರಾಜ ಅರಸು ರಸ್ತೆಯದು.

ತೆಗೆದ ಕಸ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ತಂಡದಿಂದ ಸಿಗುವ ಉತ್ತರ ಅರೆಬರೆ. ತಲಕಾಡಿನಲ್ಲಿ ಬಿಡುವುದಿಲ್ಲ, ಸುಡುವುದಿಲ್ಲ, ಬಸ್ಸಿನ ಡಿಕ್ಕಿಯಲ್ಲಿ ಮೈಸೂರಿಗೆ ತರುತ್ತಾರೆ. ಇದು ನಾನೇ ಕಂಡದ್ದು. ಬಾಟಲಿ, ಗಾಜನ್ನು ಗುಜರಿಯವರು ಕೊಳ್ಳುತ್ತಾರೆ. ಬೆಳ್ಳಿ ಹಾಳೆಯ ಪೊಟ್ಟಣಗಳಲ್ಲಿ ಪ್ಲಾಸ್ಟಿಕ್ಕೂ ಲೋಹವೂ ಅಂಟಿಕೊಂಡಿರುವುದರಿಂದ ಅವನ್ನು ಯಾವ ಗುಜರಿಯವನೂ ಮುಟ್ಟುವುದಿಲ್ಲ. ಅವು ಸದ್ಯಕ್ಕೆ ಸದಸ್ಯರೊಬ್ಬರ ಕಾರಿನ ಶೆಡ್ಡಿನಲ್ಲಿ ಚೀಲಗಳಲ್ಲಿ ಕೂತಿವೆಯಂತೆ. ಇದನ್ನು ಮುಚ್ಚಿಡದೆ ಹೇಳಿದರು ಎಂಬುದಕ್ಕೆ ಒಂದು ಅಂಕ ಹೆಚ್ಚು ಕೊಡುತ್ತೇನೆ. ಶೆಡ್ಡಿನ ಯಜಮಾನರ ಮನೆಯವರು ಎಷ್ಟು ಅಂಕ ಕೊಡುತ್ತಾರೋ ಕಾಣೆ.

ಒಟ್ಟಾರೆ ಐದಕ್ಕೆ ನಾಲ್ಕು. ಹೋಗುವವರು ಬೆರಳು ಮುಚ್ಚುವ ಬೂಟು ಹಾಕಿಕೊಳ್ಳಿ, ಚಪ್ಪಲಿಯಾದರೆ ನೆಗ್ಗಿಲ ಮುಳ್ಳು ಬಿಡುವುದಿಲ್ಲ. ಸ್ಟೀಲ್ ಲೋಟವನ್ನು ನೀವೇ ಒಯ್ಯಿರಿ. ಹೊಳೆಯಲ್ಲಿ ಮುಳುಗು ಹಾಕುವ ಆಸೆಯಿದ್ದವರಿಗೆ ಈ ಪ್ರವಾಸ ಸಲ್ಲದು; ನೀರಿಗಿಳಿಯಲು ತಂಡದವರು ಬಿಡುವುದಿಲ್ಲ, ಬಿಡದಿರುವುದೇ ಸರಿ. ಮೊಣಕಾಲು ನೋವಿರುವವರು ಜರಡಿಗೆ ಬಗ್ಗಬೇಕಿಲ್ಲ. ತಕ್ಕಡಿಯ ಪಕ್ಕ ಕೂತು ಲೆಕ್ಕ ಬರೆಯುವ ಕೆಲಸ ಕೇಳಿಕೊಳ್ಳಬಹುದು. ಜುಲೈನಲ್ಲಿ ನನ್ನ ಪತ್ನಿ ಮಾಡಿದ್ದು ಅದನ್ನೇ. ಬಾಟಲಿ, ಮುಚ್ಚಳ, ಪೊಟ್ಟಣ, ಗಾಜು, ಬಟ್ಟೆ ಎಂದು ಮೊದಲೇ ಗೆರೆ ಹಾಕಿಟ್ಟಿದ್ದ ಪುಸ್ತಕದಲ್ಲಿ ಅವಳು ಕೊನೆಗೆ ತನ್ನದೊಂದು ಕಲಮು ಸೇರಿಸಿ ‘ಪೇಪರ್ ಲೋಟ, ನಮ್ಮವೇ, 38’ ಎಂದು ಬರೆದು ಮೇಷ್ಟ್ರ ಕೈಗೆ ಕೊಟ್ಟಳು.